ಮಾಡಿದವರ ಮನೆಯಿಂದಲೇ ತಂದದ್ದು

ಅಕ್ಟೋಬರ್ 14, 2025, ಮಂಗಳವಾರ

ವಿಂಡೋಸ್ 10ಕ್ಕೆ ಇವತ್ತು ಕಡೆಯ ದಿನ. ಇನ್ನು ಅದರಲ್ಲಿ ತೂತು ಕಂಡರೆ ಮೈಕ್ರೋಸಾಫ್ಟ್ ತಾನಾಗಿ ಬಂದು ಮುಚ್ಚುವುದಿಲ್ಲ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಉಂಟು, ಆಮೇಲೆ ಅದೂ ಇಲ್ಲ. ವಿಂಡೋಸ್ 11 ಹಾಕೋಣವೆಂದರೆ ನಮ್ಮ ಯಂತ್ರಕ್ಕೆ ಅದು ಒಗ್ಗದು. ಇದು ಐದನೇ ತಲೆಮಾರಿನ ಐ3, ನಾಲ್ಕು ಜಿಬಿ ರ‍್ಯಾಮ್. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಕನಿಷ್ಠ ಎಂಟನೇ ತಲೆಮಾರು ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು.

ಸಂಜೆ ಪೇಟೆಗೆ ಹೋದಾಗ ರಿಪೇರಿ ಅಂಗಡಿಯಲ್ಲಿ ವಿಚಾರಿಸಿದೆ. "ಹೊಸದು ತಗೊಂಬಿಡಿ ಮೇಡಂ. ಇಲ್ಲಾಂದ್ರೆ ಹೆಂಗಾದ್ರೂ ಮಾಡಿ ಹನ್ನೊಂದನ್ನೇ ಕೂರಿಸ್ತೀನಿ. ಆಫೀಸು, ಫೋಟೋಶಾಪು ಎಲ್ಲಾ ಸೇರಿ ಎಂಟ್ನೂರು" ಎಂದ. ಅವನು ಹಾಕುವುದು ಕ್ರ್ಯಾಕ್ ಮಾಡಿದ ಪ್ರತಿ. ಅದನ್ನು ಹಾಕುವಾಗ ಮೊದಲು ಆ್ಯಂಟಿವೈರಸ್ ಆರಿಸಬೇಕು ಎಂದು ಅವನೇ ಹೇಳಿದ. ಬೀಗ ಒಡೆದವನು ಯಾರೋ, ಒಡೆದ ಮೇಲೆ ಒಳಗೆ ಏನು ಇಟ್ಟನೋ, ಕಾವಲುಗಾರನನ್ನು ಆಚೆ ಕಳಿಸಿ ಅವನನ್ನು ಮನೆಯೊಳಗೆ ಕರೆದುಕೊಳ್ಳಬೇಕಂತೆ. ಪಿಂಚಣಿಯ ಕಾಗದ, ಬ್ಯಾಂಕಿನ ವ್ಯವಹಾರ, ಇಷ್ಟು ವರ್ಷ ಸಂಗ್ರಹಿಸಿದ ಸಂಪ್ರದಾಯದ ಹಾಡು ಎಲ್ಲ ಇರುವ ಯಂತ್ರ ಇದು. ಬೇಡ ಎಂದು ಬಂದೆ. ಅಲ್ಲದೆ, ಮಕ್ಕಳಿಗೆ ನಕಲು ಮಾಡಬೇಡಿ ಎಂದು ವೃತ್ತಿಯುದ್ದಕ್ಕೂ ಹೇಳಿದವಳು ನಾನು. ನಿವೃತ್ತಿಯಾದ ಮಾತ್ರಕ್ಕೆ ಆ ಮಾತು ಬದಲಾಗದು.

ಉಚಿತವಾಗಿ, ನ್ಯಾಯವಾಗಿ ಸಿಗುವ ತಂತ್ರಾಂಶದಲ್ಲೇ ಮನೆಯ ಕೆಲಸವೆಲ್ಲ ಆಗಬೇಕು.

ಅಕ್ಟೋಬರ್ 16, ಗುರುವಾರ

ನಮಗೆ ಬೇಕಾದದ್ದು ಹೆಚ್ಚೇನಿಲ್ಲ. ಕನ್ನಡದಲ್ಲಿ ಬರೆಯಲು, ಪಿಡಿಎಫ್ ಮಾಡಲು ಒಂದು. ಖರ್ಚಿನ ಲೆಕ್ಕಕ್ಕೆ ಒಂದು. ನಮ್ಮ ಯಜಮಾನರ ಯಕ್ಷಗಾನದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಗೊರಗೊರ ಸದ್ದು ತೆಗೆಯಲು ಒಂದು. ನೋಡಲು ಕೇಳಲು ಒಂದು.

ಕೊನೆಯದು ಗೊತ್ತಿರುವುದೇ, ವಿಎಲ್‌ಸಿ. ಅದರ ಹೆಸರು ಕೊಟ್ಟು ಹುಡುಕಿದಾಗ ಪರದೆಯ ಮೇಲೆ ಕಂಡದ್ದನ್ನು ಬರೆದಿಡುತ್ತೇನೆ. ಮೊದಲ ಸಾಲು ಜಾಹೀರಾತು. ಪಕ್ಕದಲ್ಲಿ ಸಣ್ಣದಾಗಿ ಹಾಗೆಂದು ಬರೆದೂ ಇತ್ತು. ಅದರ ಕೆಳಗಿನದು ಯಾವುದೋ ಡೌನ್‌ಲೋಡ್ ತಾಣ. ಒಳಗೆ ಹೋದರೆ ಪುಟದ ನೆತ್ತಿಯಲ್ಲಿ ಅಗಲವಾದ ಹಸಿರು ಗುಂಡಿ, ನಡುವೆ ಇನ್ನೊಂದು, ಬಲಕ್ಕೆ ಬಾಣ ಕುಣಿಸುವ ಮತ್ತೊಂದು. ಮೌಸನ್ನು ಒತ್ತದೆ ಗುಂಡಿಯ ಮೇಲೆ ಸುಮ್ಮನೆ ಇಟ್ಟರೆ ಅದು ಹೋಗುವ ವಿಳಾಸ ಬ್ರೌಸರಿನ ಕೆಳಮೂಲೆಯಲ್ಲಿ ಕಾಣುತ್ತದೆ. ಹಾಗೆ ನೋಡಿದೆ. ಒಂದೊಂದೂ ಒಂದೊಂದು ಕಡೆಗೆ ಹೋಗುತ್ತಿತ್ತು, ವಿಎಲ್‌ಸಿ ಮಾಡಿದವರ ವಿಳಾಸಕ್ಕೆ ಒಂದೂ ಇಲ್ಲ. ನಿಜವಾದ ಕೊಂಡಿ ಎಲ್ಲಕ್ಕಿಂತ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿತ್ತು.

ಇನ್ನೊಂದು ಗುರುತು ಗಾತ್ರ. ವಿಎಲ್‌ಸಿಯ ಕಡತ ನಲವತ್ತು ಎಂಬಿಯ ಆಸುಪಾಸು. ಎರಡೋ ಮೂರೋ ಎಂಬಿಯ ಕಡತವನ್ನು ಆ ಹೆಸರಿನಲ್ಲಿ ಕೊಟ್ಟರೆ ಅದು ವಿಎಲ್‌ಸಿ ಅಲ್ಲ, ಬೇರೆ ಏನನ್ನೋ ಎಳೆದು ತರುವ ದಲ್ಲಾಳಿ. ಅಂಥದ್ದು ಒಳಗೆ ಬಂದರೆ ಬ್ರೌಸರಿನ ಮುಖಪುಟ ಬದಲಾಗುತ್ತದೆ, ಕೇಳದ ಜಾಹೀರಾತುಗಳು ತೇಲುತ್ತವೆ, ಕೆಲವು ಗುಪ್ತಪದವನ್ನೂ ಕದಿಯುತ್ತವೆ.

ನಮ್ಮೂರಿನಲ್ಲಿ ಜೇನುತುಪ್ಪವನ್ನು ಕೊಯ್ದವನ ಮನೆಯಿಂದಲೇ ತರುತ್ತೇವೆ, ಚಂದದ ಲೇಬಲ್ ನೋಡಿ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ತಂತ್ರಾಂಶಕ್ಕೂ ಅದೇ ಕ್ರಮ. ಮಾಡಿದವರು ಯಾರು ಎಂದು ಮೊದಲು ತಿಳಿಯಬೇಕು. ವಿಎಲ್‌ಸಿಯದು ವಿಡಿಯೋಲ್ಯಾನ್, ಬರವಣಿಗೆಗೂ ಲೆಕ್ಕಕ್ಕೂ ಆಗುವ ಲಿಬ್ರೆಆಫೀಸ್‌ನದು ಡಾಕ್ಯುಮೆಂಟ್ ಫೌಂಡೇಶನ್. ಆಮೇಲೆ ಅವರ ತಾಣದ ವಿಳಾಸವನ್ನು ನಾವೇ ಟೈಪ್ ಮಾಡಿ ಹೋಗಬೇಕು.

ಅಕ್ಟೋಬರ್ 19, ಭಾನುವಾರ

ದೀಪಾವಳಿ ಹಬ್ಬಕ್ಕೆಂದು ಬೆಂಗಳೂರಿನಿಂದ ಅಣ್ಣನ ಮಗ ಬಂದಿದ್ದಾನೆ. ನೀರು ತುಂಬುವ ಕೆಲಸ ಮುಗಿಸಿ, ಊಟವಾದ ಮೇಲೆ ಇವರೂ ಅವನೂ ಇದೇ ವಿಷಯ ಹಿಡಿದು ಕೂತರು.

ವಿಎಲ್‌ಸಿಯ ಕಥೆ ಅವನಿಂದ ಕೇಳಿದೆ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಹಾಸ್ಟೆಲಿನಲ್ಲಿ ವೇಗದ ನೆಟ್‌ವರ್ಕ್ ಬೇಕಿತ್ತು. ಉಪಗ್ರಹದಿಂದ ಬರುವ ಟಿವಿಯನ್ನು ಕಂಪ್ಯೂಟರುಗಳಿಗೆ ಹರಿಸುವ ಯೋಜನೆ ಮುಂದಿಟ್ಟು ಅದನ್ನು ಪಡೆದರು. ಆ ಯೋಜನೆಯೇ ಬೆಳೆದು 2001ರಲ್ಲಿ ಕೋಡನ್ನು ಎಲ್ಲರಿಗೂ ತೆರೆದಿಡುವ ಜಿಪಿಎಲ್ ಪರವಾನಗಿಯಡಿ ಲೋಕಕ್ಕೆಲ್ಲ ತೆರೆದುಕೊಂಡಿತು. ಈ ವರ್ಷದ ಜನವರಿಯಲ್ಲಿ ಅವರು ಹೇಳಿದ ಲೆಕ್ಕ 600 ಕೋಟಿ ಡೌನ್‌ಲೋಡ್. ಅದರಲ್ಲಿ ಒಂದೂ ಜಾಹೀರಾತಿಲ್ಲ. ದುಡ್ಡು ಹಿಡಿದು ಬಂದವರಿಗೆ ಅದರ ಮುಖ್ಯಸ್ಥ ಜಾನ್ ಬಾಪ್ಟಿಸ್ಟ್ ಕೆಂಫ್ ಬೇಡ ಎಂದು ಹೇಳಿದವರು. ಇಂಥವರಿಗೆ ಕೃತಜ್ಞತೆ ಸಲ್ಲಬೇಕು.

2022ರಲ್ಲಿ ವಿಡಿಯೋಲ್ಯಾನ್ ತಾಣ ನಮ್ಮ ದೇಶದಲ್ಲಿ ತಿಂಗಳುಗಟ್ಟಲೆ ತೆರೆಯಲೇ ಇಲ್ಲ. ತಡೆ ಹಾಕಿದ್ದರು. ಇಂಟರ್ನೆಟ್ ಫ್ರೀಡಂ ಫೌಂಡೇಶನ್ನಿನ ನೆರವಿನಿಂದ ನೋಟಿಸು ಹೋದ ಮೇಲೆ, ನವೆಂಬರಿನಲ್ಲಿ ತೆರೆಯಿತು. ಮಾಡಿದವರ ಬಾಗಿಲನ್ನೇ ಮುಚ್ಚಿದರೆ ಜನ ವಿಎಲ್‌ಸಿ ಬಿಡುವುದಿಲ್ಲ, ಎಲ್ಲೆಲ್ಲಿಂದಲೋ ತರುತ್ತಾರೆ. ಜನರನ್ನು ಕಾಪಾಡುವ ದಾರಿ ಅದಲ್ಲ ಎಂದೇ ನನ್ನ ಅಭಿಪ್ರಾಯ.

ಇವರದು ಒಂದು ಪ್ರಶ್ನೆ. "ಕೋಡು ಎಲ್ಲರಿಗೂ ಕಾಣೋ ಹಾಗಿದ್ರೆ ಕಳ್ಳರಿಗೂ ಕಾಣುತ್ತಲ್ಲ ಮಾರಾಯ?"

"ಕಾಣುತ್ತೆ ಮಾವ. ಹಾಗೇ ಆಗಿತ್ತು ಕೂಡ" ಎಂದು ಎಕ್ಸ್‌ಝಡ್ ಪ್ರಕರಣ ಹೇಳಿದ. ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ ಅದು, ಲಿನಕ್ಸ್ ಇರುವಲ್ಲೆಲ್ಲ ಇರುತ್ತದೆ. ನೋಡಿಕೊಳ್ಳುತ್ತಿದ್ದವರು ದಣಿದಿದ್ದರು. ಸಹಾಯ ಮಾಡುತ್ತೇನೆಂದು ಬಂದವನೊಬ್ಬ ವರ್ಷಗಟ್ಟಲೆ ನಿಯತ್ತಿನಿಂದ ದುಡಿದು, ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಹಿಂಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೇನೋ ಅಳತೆ ಮಾಡುತ್ತಿದ್ದಾಗ ಲಾಗಿನ್ ಅರ್ಧ ಸೆಕೆಂಡು ನಿಧಾನವಾಗುತ್ತಿರುವುದು ಕಣ್ಣಿಗೆ ಬಿತ್ತು. ಅಗೆದು ನೋಡಿ ಮಾರ್ಚ್ 29ರಂದು ಬಹಿರಂಗ ಮಾಡಿದರು. ಪರೀಕ್ಷೆಯ ಹಂತದ ಆವೃತ್ತಿಗಳಿಗೆ ಹೊಕ್ಕಿತ್ತೇ ಹೊರತು ಜನಸಾಮಾನ್ಯರು ಬಳಸುವ ಸ್ಥಿರ ಆವೃತ್ತಿಗಳನ್ನು ಮುಟ್ಟಿರಲಿಲ್ಲ.

ಅಗೆದು ನೋಡಲು ಕೋಡು ಅವರ ಕೈಗೆ ಸಿಕ್ಕಿತು, ಅದೇ ದೊಡ್ಡದು. ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಅರ್ಧ ಸೆಕೆಂಡಿನ ಅನುಮಾನ ಅಲ್ಲಿಗೇ ನಿಲ್ಲುತ್ತಿತ್ತು. ಇವರು ತಲೆಯಾಡಿಸಿದರು, ಆದರೂ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ವಿಂಡೋಸಿನ ಜಾಗಕ್ಕೆ ಲಿನಕ್ಸ್ ಮಿಂಟ್ ಹಾಕುವುದೆಂದು ತೀರ್ಮಾನವಾಯಿತು. ಎರಡು ಜಿಬಿ ರ‍್ಯಾಮ್ ಇದ್ದರೂ ಅದು ಓಡುತ್ತದೆ, ನಾಲ್ಕಿದ್ದರೆ ಹಿತ. ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ ನಮಗೆ ಸಾಕು.

ಅಕ್ಟೋಬರ್ 21, ಮಂಗಳವಾರ

ಮಿಂಟ್ 22.2, ಹೆಸರು ಝಾರಾ. ಮೂರು ಜಿಬಿಯ ಹತ್ತಿರದ ಕಡತ. ಟೊರೆಂಟ್ ಮೂಲಕ ಇಳಿಸಿದೆವು. ಟೊರೆಂಟ್ ಎಂದರೆ ಕದ್ದ ಸಿನಿಮಾ ಎಂದೇ ಊರಿನಲ್ಲಿ ತಿಳುವಳಿಕೆ. ಆದರೆ ಮಿಂಟ್‌ನವರೇ ತಮ್ಮ ತಾಣದಲ್ಲಿ ಟೊರೆಂಟ್ ಕೊಂಡಿ ಕೊಟ್ಟಿದ್ದಾರೆ. ಮಲೆನಾಡಿಗೆ ಇದೇ ಸರಿ. ನಡುವೆ ಕರೆಂಟು ಹೋದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಬಂದ ಪ್ರತಿ ತುಂಡನ್ನೂ ತಾನೇ ತಾಳೆ ನೋಡಿಕೊಳ್ಳುತ್ತದೆ. ಮಧ್ಯಾಹ್ನದ ಗುಡುಗಿಗೆ ಕರೆಂಟು ಹೋಯಿತು, ಸಂಜೆ ಬಂತು, ರಾತ್ರಿ ಊಟದ ಹೊತ್ತಿಗೆ ಕಡತ ಪೂರ್ತಿಯಾಗಿತ್ತು.

ಇಳಿದದ್ದೇ ಹಾಕಿಬಿಡುವಂತಿಲ್ಲ. ಮಾಡಿದವರು ಕಡತದ ಜೊತೆಗೆ ಅದರ ಎಸ್‌ಎಚ್‌ಎ256 ಮೊತ್ತವನ್ನೂ ಕೊಡುತ್ತಾರೆ. ಇಡೀ ಕಡತವನ್ನು ಒಂದು ಲೆಕ್ಕಕ್ಕೆ ಹಾಕಿದಾಗ ಬರುವ 64 ಅಕ್ಷರಗಳ ಸಾಲು ಅದು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಎ ಯಿಂದ ಎಫ್ ವರೆಗಿನ ಅಕ್ಷರ, ಅಷ್ಟೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸಿನ ಕಪ್ಪು ಕಿಟಕಿಯಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಕೊಟ್ಟರೆ ನಮ್ಮ ಕಡತದ ಮೊತ್ತ ಬರುತ್ತದೆ. ತಾಣದಲ್ಲಿದ್ದ ಸಾಲನ್ನು ಕಾಗದದ ಮೇಲೆ ಇಳಿಸಿಕೊಂಡು ಇವರು ಓದುತ್ತಾ ಹೋದರು, ನಾನು ಪರದೆಯ ಮೇಲೆ ಬೆರಳಿಟ್ಟು ಹೂಂಗುಟ್ಟಿದೆ. ಕಂಪ್ಯೂಟರಿಗೆ ಹೇಳಿದರೆ ಅದೇ ತಾಳೆ ನೋಡುತ್ತದೆ ಎಂದು ಹುಡುಗ ಹೇಳಿದರೂ ಇವರು ಬಿಡಲಿಲ್ಲ. ಕಚೇರಿಯಲ್ಲಿ ಲೆಜರ್ ತಾಳೆ ನೋಡಿದ ಕೈ ಅದು. ಕೊನೆಯ ಅಕ್ಷರದವರೆಗೂ ಕೂಡಿತು.

ಇದು ಅತಿ ಎಚ್ಚರವಲ್ಲ. 2016ರ ಫೆಬ್ರವರಿ 20ರಂದು ಇದೇ ಮಿಂಟ್‌ನ ತಾಣಕ್ಕೆ ಕನ್ನ ಹಾಕಿದವರು ಡೌನ್‌ಲೋಡ್ ಕೊಂಡಿಯನ್ನು ತಿರುಗಿಸಿ, ಹಿಂಬಾಗಿಲು ಸೇರಿಸಿದ 17.3 ಸಿನಮನ್ ರೂಪದ ಕಡತ ಕೊಟ್ಟಿದ್ದರು. ಯೋಜನೆಯ ಮುಖ್ಯಸ್ಥ ಕ್ಲೆಮೆಂಟ್ ಲೆಫೆಬ್ವ್ರ್ ಮುಚ್ಚಿಡದೆ ಕೂಡಲೇ ಜನರಿಗೆ ತಿಳಿಸಿದರು. ತಾಣವನ್ನೇ ಹಿಡಿದವರು ಅಲ್ಲಿ ಬರೆದ ಮೊತ್ತವನ್ನೂ ಬದಲಿಸಬಹುದಲ್ಲ? ಅದಕ್ಕೇ ಮೊತ್ತದ ಕಡತಕ್ಕೆ ಜಿಪಿಜಿ ಎಂಬ ಡಿಜಿಟಲ್ ಸಹಿ ಬೇರೆ ಇದೆ. ಅದನ್ನೂ ಹುಡುಗ ಪರೀಕ್ಷಿಸಿ ತೋರಿಸಿದ. ಮಾಡಿದವರ ಮನೆಗೇ ಹೋಗಬೇಕು, ಹೋದ ಮೇಲೂ ಮುದ್ರೆ ನೋಡಬೇಕು.

ಅಕ್ಟೋಬರ್ 22, ಬುಧವಾರ

ಬಲಿಪಾಡ್ಯಮಿ. ಗೋಪೂಜೆ. ಕಂಪ್ಯೂಟರ್ ಮುಟ್ಟಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ಹುಡುಗ ಹೋಗುವ ಮುಂಚೆ ಕೆಲಸ ಮುಗಿಸಿಕೊಟ್ಟ. ಮೊದಲು ಎಲ್ಲ ಕಡತಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅಲ್ಲಿ ತೆರೆಯುತ್ತವೆಯೇ ಎಂದು ನೋಡಿಕೊಂಡೆವು. ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಮಿಂಟ್ ಕಡತವನ್ನು ಎಂಟು ಜಿಬಿಯ ಪೆನ್‌ಡ್ರೈವಿಗೆ ಬರೆದ. ಯಂತ್ರ ಹೊತ್ತಿಸುವಾಗ ಎಫ್12 ಒತ್ತಿ ಪೆನ್‌ಡ್ರೈವಿನಿಂದಲೇ ಶುರುಮಾಡಿದರೆ ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಮಿಂಟ್ ತೆರೆದುಕೊಳ್ಳುತ್ತದೆ. ವೈಫೈ ಸಿಕ್ಕಿತು, ಸದ್ದು ಬಂತು, ಕನ್ನಡ ಪುಟಗಳು ನೆಟ್ಟಗೆ ಕಂಡವು. ಹಳೆಯ ಲೇಸರ್ ಪ್ರಿಂಟರ್ ಮಾತ್ರ ಹಟ ಹಿಡಿಯಿತು. ಅದಕ್ಕೆ ತಯಾರಕರ ಪ್ಲಗ್‌ಇನ್ ಬೇರೆ ಹಾಕಬೇಕಾಯಿತು. ಎಲ್ಲ ನೋಡಿ ಒಪ್ಪಿದ ಮೇಲೆಯೇ ಇನ್‌ಸ್ಟಾಲ್ ಗುಂಡಿ ಒತ್ತಿದ್ದು. ಕೊಳ್ಳುವ ಮೊದಲು ಇಷ್ಟು ನೋಡಲು ಬಿಡುವ ಸಾಮಾನು ಪೇಟೆಯಲ್ಲಿ ಯಾವುದಿದೆ?

ಅಕ್ಟೋಬರ್ 29, ಬುಧವಾರ

ಇದರಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಸಾಫ್ಟ್‌ವೇರ್ ಮ್ಯಾನೇಜರ್. ತಂತ್ರಾಂಶ ಬೇಕಾದರೆ ಜಾಲದಲ್ಲಿ ಅಲೆಯಬೇಕಿಲ್ಲ, ಹಸಿರು ಗುಂಡಿಗಳ ನಡುವೆ ತಡಕಾಡಬೇಕಿಲ್ಲ. ಇಲ್ಲೇ ಹೆಸರು ಬರೆದರೆ ಸಹಿ ಮಾಡಿದ ಭಂಡಾರದಿಂದ ಬರುತ್ತದೆ, ಸಹಿ ಕೂಡದಿದ್ದರೆ ಯಂತ್ರವೇ ಬೇಡ ಎನ್ನುತ್ತದೆ. ಫ್ಲಾಟ್‌ಪ್ಯಾಕ್ ಎಂಬ ಇನ್ನೊಂದು ಬಗೆಯವುಗಳಲ್ಲಿ, ಮಾಡಿದವರೇ ಕೊಟ್ಟದ್ದು ಎಂದು ಖಾತ್ರಿಯಾಗದವನ್ನು ಮಿಂಟ್ ಮೊದಲಿಗೆ ತೋರಿಸುವುದೇ ಇಲ್ಲ.

ಫಾಂಟ್ ಹುಡುಕುತ್ತಿದ್ದಾಗ ಆ ಭಂಡಾರದಲ್ಲಿ ಗುಬ್ಬಿ ಮತ್ತು ನವಿಲು ಕಂಡವು. ಎರಡೂ ಕನ್ನಡದ ಮುಕ್ತ ಫಾಂಟ್‌ಗಳು. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳನ್ನು ಬಳಸುವವನು ಜಗತ್ತಿನ ಯಾವ ಮೂಲೆಯಲ್ಲಿ ಕೂತರೂ ಅವು ಅವನಿಗೆ ಸಿಗುತ್ತವೆ. ಎರಡನ್ನೂ ಹಾಕಿಕೊಂಡೆ. ಹೆಮ್ಮೆಯಾಯಿತು.

ಕೀಲಿಮಣೆಯ ಚಿಂತೆ ಇತ್ತು. ನಾನು ಕಲಿತದ್ದು ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ. ಮಿಂಟ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಎಂದೇ ಇದೆ. ಬೆರಳಿಗೆ ಹೊಸ ಪಾಠ ಹೇಳಬೇಕಾಗಲಿಲ್ಲ.

ಕಷ್ಟವಾದದ್ದು ಹಳೆಯ ಹಾಡುಗಳು. ಬೀಸುವ ಹಾಡು, ಹಸೆ ಹಾಡು, ಆರತಿ ಹಾಡು, ಅಜ್ಜಿಯರ ಮುಂದೆ ಕೂತು ಬರೆದುಕೊಂಡು ಆಗಿನ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದು. ಲಿಬ್ರೆಆಫೀಸಿನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ, ಕೊಂಬು ಚುಕ್ಕೆಗಳ ಯುರೋಪಿನ ಅಕ್ಷರಗಳ ಗೋಜಲು. ಆ ಕಾಲದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಏನೂ ಅಲ್ಲ. ಯೂನಿಕೋಡಿನಲ್ಲಾದರೆ ಕ ಎಂಬ ಅಕ್ಷರಕ್ಕೆ ಲೋಕಕ್ಕೆಲ್ಲ ಒಂದೇ ಸಂಖ್ಯೆ.

ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ಕನ್ನಡದ ಹುಡುಗರೇ ಬರೆದು ಮುಕ್ತವಾಗಿ ಇಟ್ಟಿದ್ದಾರೆ. ಹಸೆ ಹಾಡಿನ ಕಡತವನ್ನು ಮೊದಲು ಕೊಟ್ಟೆ. ಬಹುಪಾಲು ಸರಿಯಾಗಿ ಬಂತು. ಸೂರ್ಯ, ಪಾರ್ವತಿ ಎಂಬ ಮಾತುಗಳಲ್ಲಿ ಕಣ್ಣಿಡಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಮುಂದಕ್ಕೆ ಇಡುತ್ತದೆ. ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದ ಕಡೆ ನಾನೇ ತಿದ್ದಿದೆ. ಓದುತ್ತಾ ತಿದ್ದುತ್ತಾ ಆ ಅಜ್ಜಿಯರ ದನಿಯೇ ಕೇಳಿದಂತಾಯಿತು. ಅವರಲ್ಲಿ ಹೆಚ್ಚಿನವರು ಈಗಿಲ್ಲ, ಹಾಡುಗಳಾದರೂ ಯಾವ ಯಂತ್ರದಲ್ಲೂ ತೆರೆಯುವ ಹಾಗೆ ಉಳಿಯಬೇಕು.

ನವೆಂಬರ್ 1, ಶನಿವಾರ

ಶಾಲೆಯಲ್ಲಿ ಧ್ವಜಾರೋಹಣಕ್ಕೆ ಕರೆದಿದ್ದರು. ಮುಗಿದ ಮೇಲೆ ಹೆಡ್‌ಮಾಸ್ಟರು ಕಂಪ್ಯೂಟರ್ ಕೊಠಡಿ ತೋರಿಸಿದರು. ನಮ್ಮ ಮನೆಯದಕ್ಕಿಂತ ಹಳೆಯ ಯಂತ್ರಗಳು, ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದಾರೆ. ಕೆಟ್ಟಿಲ್ಲ, ಹೊಸ ವಿಂಡೋಸ್ ಹಿಡಿಯದು ಎಂಬುದೇ ಕಾರಣ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಇದನ್ನು ಅವರಿಗೆ ಹೇಳಿದೆ.

ಸಂಜೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು, ಎರಡನೇ ಪಿಯು. ಕಾಲೇಜಿನ ರಾಜ್ಯೋತ್ಸವದ ಪೋಸ್ಟರ್ ಮಾಡಲು ಫೋಟೋಶಾಪ್ ಕ್ರ್ಯಾಕ್ ಎಲ್ಲಿ ಸಿಗುತ್ತೆ ಟೀಚರ್ ಎಂದಳು. ಅದೇ ಬಗೆಯ ಉಚಿತ ತಂತ್ರಾಂಶವಾದ ಜಿಂಪ್ ಹಾಕಿ ತೋರಿಸಿದೆ. 1990ರ ದಶಕದಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು ಎಂದಾಗ ಅವಳ ಕಣ್ಣು ಅರಳಿತು. ಅವಳ ಲ್ಯಾಪ್‌ಟಾಪಿಗೆ ಜಿಂಪ್‌ನವರ ಸ್ವಂತ ತಾಣದಿಂದಲೇ ಇಳಿಸಿಕೊಟ್ಟೆ. 2015ರಲ್ಲಿ ಸೋರ್ಸ್‌ಫೋರ್ಜ್ ಎಂಬ ಹೆಸರಾಂತ ತಾಣವೇ ಜಿಂಪ್‌ನ ವಿಂಡೋಸ್ ಕಡತಕ್ಕೆ ಜಾಹೀರಾತಿನ ಹೊದಿಕೆ ಸುತ್ತಿ ಹಂಚಿತ್ತು. ಮಾಲೀಕರು ಬದಲಾದ ಮೇಲೆ ಆ ಪದ್ಧತಿ ನಿಂತಿತು. ಹೆಸರು ದೊಡ್ಡದು ಎಂದ ಮಾತ್ರಕ್ಕೆ ನಡುವಿನವರನ್ನು ನಂಬಲಾಗದು ಎಂಬುದಕ್ಕೆ ಅವಳಿಗೆ ಈ ಉದಾಹರಣೆ ಕೊಟ್ಟೆ.

ನವೆಂಬರ್ 9, ಭಾನುವಾರ

ಇವರು ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಮುಳುಗಿದ್ದಾರೆ. ಕ್ಯಾಸೆಟ್ಟಿನಲ್ಲಿ ಹಾಡಿಲ್ಲದೆ ಬರೀ ಗೊರಗೊರ ಇರುವ ಒಂದೆರಡು ಸೆಕೆಂಡನ್ನು ಮೊದಲು ಗುರುತು ಮಾಡಿ ತೋರಿಸಬೇಕು. ಆ ಸದ್ದಿನ ಚಹರೆಯನ್ನು ಅದು ಕಲಿತುಕೊಂಡು ಇಡೀ ಪದ್ಯದಿಂದ ತೆಗೆಯುತ್ತದೆ. ಹೆಚ್ಚು ತೆಗೆದರೆ ಭಾಗವತರ ದನಿ ಕೊಳವೆಯಿಂದ ಬಂದ ಹಾಗಾಗುತ್ತದೆ, ಚಂಡೆಯ ಪೆಟ್ಟಿನ ಮೊನೆ ಹೋಗುತ್ತದೆ. ಅಷ್ಟು ಗೊರಗೊರ ಇರಲಿ ಎಂದು ಇವರು ಬಿಟ್ಟರು. ಅದೇ ಸರಿ.

ಎಲ್ಲವೂ ಸುಖವೆಂದು ಬರೆಯಲಾರೆ. ಇಲಾಖೆಯಿಂದ ಬರುವ ವರ್ಡ್ ಕಡತಗಳ ಕೋಷ್ಟಕ ಲಿಬ್ರೆಆಫೀಸಿನಲ್ಲಿ ಒಮ್ಮೊಮ್ಮೆ ಸಾಲು ತಪ್ಪುತ್ತದೆ. ಅಂಗಡಿ ಇಟ್ಟುಕೊಂಡವರ ಎಷ್ಟೋ ಲೆಕ್ಕದ ತಂತ್ರಾಂಶಗಳು ವಿಂಡೋಸಿಗಷ್ಟೇ ಇವೆ. ಅಂಥವರಿಗೆ ಇದನ್ನು ಹಾಕಿ ಎಂದು ನಾನು ಹೇಳುವುದಿಲ್ಲ.

ಆದರೆ ಉಚಿತವಾದವುಗಳಲ್ಲೂ ಕೋಡು ತೆರೆದಿಟ್ಟದ್ದನ್ನೇ ಆರಿಸಬೇಕು ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಿಂದ ಎಷ್ಟೋ ಕನ್ನಡಿಗರ ಕೈಗೆ ಕಂಪ್ಯೂಟರಿನಲ್ಲಿ ಕನ್ನಡ ಕೊಟ್ಟಿತು, ಆ ಋಣ ದೊಡ್ಡದು. ಮುಂದೆ ಅದಕ್ಕೆ ಬೆಲೆ ಇಟ್ಟರು, ಅದು ಅವರ ಹಕ್ಕು. ತೆರೆದ ಕೋಡಿನ ದಾರಿ ಬೇರೆ. ಓಪನ್‌ಆಫೀಸ್ 2010ರಲ್ಲಿ ಒರೇಕಲ್ ಕೈಗೆ ಹೋದಾಗ ಅದನ್ನು ಕಟ್ಟಿದವರು ಅದೇ ವರ್ಷದ ಸೆಪ್ಟೆಂಬರ್ 28ರಂದು ಕೋಡಿನ ಸಮೇತ ಹೊರಬಂದು ಲಿಬ್ರೆಆಫೀಸ್ ಶುರುಮಾಡಿದರು. ಕಂಪನಿ ಕೈಬದಲಾದರೂ ಬಳಸುವವರ ಕೆಲಸ ನಿಲ್ಲಲಿಲ್ಲ. ನನ್ನ ಹಾಡುಗಳನ್ನು ಇಂಥದ್ದರ ವಶಕ್ಕೆ ಕೊಡಬಲ್ಲೆ.

ಅಂಗಡಿಯವನು ಕೇಳಿದ್ದ ಎಂಟುನೂರು ರೂಪಾಯಿಗೆ ಇನ್ನಷ್ಟು ಸೇರಿಸಿ ಡಾಕ್ಯುಮೆಂಟ್ ಫೌಂಡೇಶನ್ನಿಗೂ ಮಿಂಟ್‌ನವರಿಗೂ ದೇಣಿಗೆ ಕಳಿಸುವುದೆಂದು ಇಬ್ಬರೂ ಮಾತಾಡಿಕೊಂಡೆವು. ಹುಡುಗನಿಗೆ ಹೇಳಿದ್ದೇನೆ, ಕಳಿಸಿ ರಸೀದಿ ತೋರಿಸುತ್ತಾನೆ.

ಹೆಡ್‌ಮಾಸ್ಟರ ಫೋನು ಬಂದಿತ್ತು. ಒಂದು ಯಂತ್ರದಲ್ಲಿ ನೋಡೋಣ ಎಂದರು. ನಾಳೆ ಪೆನ್‌ಡ್ರೈವ್ ತೆಗೆದುಕೊಂಡು ಹೋಗಬೇಕು. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತೆಯ ಅಪ್‌ಡೇಟ್ ಬರುತ್ತದೆ. ಶಾಲೆಯ ಆ ಯಂತ್ರಗಳನ್ನು ಅಲ್ಲಿಯವರೆಗೆ ಬಟ್ಟೆಯಡಿ ಇಡಲು ಯಾವ ಕಾರಣವೂ ಇಲ್ಲ.